ತೂಕದಕ್ಕನ ಉಸಿರು

ಅಂಚೆ ಕಚೇರಿಯ ಪಾರ್ಸಲ್ ಗುಮಾಸ್ತ ಅವಳನ್ನು ಮೊದಲು ನೋಡಿದ್ದು ಒಂದು ಮಂಗಳವಾರ ಬೆಳಿಗ್ಗೆ, ಹತ್ತು ಗಂಟೆಗೆ ಇನ್ನೂ ಹತ್ತು ನಿಮಿಷವಿದ್ದಾಗ. ಶಟರು ಅರ್ಧಕ್ಕೆ ಮಾತ್ರ ಎದ್ದಿತ್ತು. ಅದರ ಕೆಳಗಿನಿಂದ ಮೊದಲು ಒಳಗೆ ಬಂದದ್ದು ಒಂದು ಮರದ ಪೆಟ್ಟಿಗೆ, ಆಮೇಲೆ ಅದನ್ನು ತಳ್ಳುತ್ತಿದ್ದ ಎರಡು ಕೈ, ಆಮೇಲೆ ಕಿವಿಯ ಹಿಂದೆ ಪೆನ್ಸಿಲು ಸಿಕ್ಕಿಸಿಕೊಂಡ ಒಂದು ತಲೆ. ತೋಳು ಮಡಚಿದ ನೀಲಿ ಅಂಗಿಯ ಮೊಣಕೈ ಹತ್ತಿರ ಗ್ರೀಸಿನ ಕಲೆ ಇತ್ತು.

"ತಕ್ಕಡಿ ಪರೀಕ್ಷೆ" ಎಂದಳು, ಮಂಡಿಯ ಧೂಳು ಕೊಡವಿಕೊಳ್ಳುತ್ತಾ.

"ಬಾಗಿಲು ತೆಗೆಯೋದು ಹತ್ತು ಗಂಟೆಗೆ."

"ಬಾಗಿಲು ತೆಗೆದ ಮೇಲೆ ಬಂದ್ರೆ ನಿಮ್ಮ ಜನ ನನ್ನ ಕೆಲಸದ ಮಧ್ಯೆ ಏನೇನೋ ತಂದು ತಕ್ಕಡಿ ಮೇಲೆ ಇಡ್ತಾರೆ. ಹೋದ ವರ್ಷ ಒಬ್ಬರು ಕೋಳಿ ಇಟ್ಟಿದ್ರು."

"ಅಂಚೇಲಿ ಕೋಳಿ ಕಳಿಸೋ ಹಾಗಿಲ್ಲ."

"ಕಳಿಸೋಕಲ್ಲ ಸ್ವಾಮಿ. ಎಷ್ಟು ತೂಗುತ್ತೆ ನೋಡೋಕೆ."

ಗುಮಾಸ್ತ ಆ ಕಚೇರಿಗೆ ವರ್ಗವಾಗಿ ಬಂದು ಎರಡು ತಿಂಗಳಾಗಿತ್ತಷ್ಟೆ. ಕೋಳಿಯ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಅವಳು ಪೆಟ್ಟಿಗೆ ತೆರೆದಳು. ಒಳಗೆ ಹಸಿರು ಬಟ್ಟೆಯ ಗುಳಿಗಳಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳು, ದೊಡ್ಡಣ್ಣನಿಂದ ಹಿಡಿದು ಕೊನೆಯ ತಮ್ಮನವರೆಗೆ ಸಾಲಾಗಿ ಕುಳಿತಿದ್ದವು. ಅವಳು ಯಾವುದನ್ನೂ ಬರಿಗೈಯಲ್ಲಿ ಮುಟ್ಟಲಿಲ್ಲ. ದೊಡ್ಡವನ್ನು ಮೆತ್ತನೆಯ ಚರ್ಮದ ತುಂಡಿನಿಂದ ಹಿಡಿದಳು, ಚಿಕ್ಕವನ್ನು ಚಿಮಟದಿಂದ ಎತ್ತಿದಳು. ಬೆರಳಿನ ಬೆವರು ಅಂಟಿದರೂ ಬಟ್ಟು ಕೆಡುತ್ತದೆ ಎಂದಳು, ಇವನು ಕೇಳದೆಯೇ. ಕಾಗದ ತೂಗುವ ಪುಟ್ಟ ತಕ್ಕಡಿಯ ಸರದಿ ಬಂದಾಗ ಇವನು ಕುತೂಹಲದಿಂದ ಬಗ್ಗಿ ನೋಡಿದ. ತಟ್ಟೆ ತೂಗಾಡಿತು.

"ನಿಮ್ಮ ಉಸಿರು ತಾಗ್ತಿದೆ. ಸ್ವಲ್ಪ ಹಿಡ್ಕೊಳ್ಳಿ."

ಹಿಂದೆ ಸರಿಯಬಹುದಿತ್ತು. ಅವನಿಗೆ ಅದು ಹೊಳೆಯಲಿಲ್ಲ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಜಾಯಮಾನದವನು. ಕೌಂಟರಿನ ಅಂಚು ಹಿಡಿದು ಉಸಿರು ಬಿಗಿಹಿಡಿದು ನಿಂತ. ಅವಳು ಒಂದು ಬಟ್ಟು ಇಟ್ಟಳು, ಬರೆದುಕೊಂಡಳು, ಇನ್ನೊಂದು ಇಟ್ಟಳು. ನಾಲ್ಕನೆಯದಕ್ಕೆ ತಲೆ ಎತ್ತಿ ನೋಡಿದರೆ ಗುಮಾಸ್ತನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

"ಬಿಡಿ ಸ್ವಾಮಿ, ಬಿಡಿ. ನೀವು ಇಲ್ಲಿ ಪ್ರಾಣ ಬಿಟ್ರೆ ಅದನ್ನ ಯಾವ ಕಾಲಮ್ಮಿನಲ್ಲಿ ಬರೀಲಿ?"

ಆ ದಿನ ಕಾಗದದ ತಕ್ಕಡಿ ಪಾಸಾಯಿತು, ಪಾರ್ಸಲ್ ಯಂತ್ರ ಫೇಲಾಯಿತು. ಅವಳು ಅದರ ಮುಖಕ್ಕೆ ಕೆಂಪು ಚೀಟಿ ಅಂಟಿಸಿ ಹೋದಳು. ಮುಂದಿನ ಮೂರು ತಿಂಗಳಲ್ಲಿ ಗುಮಾಸ್ತ ಅವಳನ್ನು ನಾಲ್ಕು ಸಲ ಕರೆಸಿದ: ಒಮ್ಮೆ ಮುಳ್ಳು ನಡುಗುತ್ತದೆಂದು, ಒಮ್ಮೆ ತಟ್ಟೆ ಸದ್ದು ಮಾಡುತ್ತದೆಂದು. ನಾಲ್ಕನೆಯ ಸಲ ಅವಳು ಪೆಟ್ಟಿಗೆ ತೆರೆಯಲೇ ಇಲ್ಲ. "ಯಂತ್ರಕ್ಕೆ ಏನೂ ಆಗಿಲ್ಲ. ನಿಮಗೆ ಏನಾಗಿದೆ ಹೇಳಿಬಿಡಿ" ಎಂದಳು. ಅವನು ಹೇಳಿದ. ಮುಂದಿನ ವರ್ಷ ಮದುವೆಯಾಯಿತು.

ಅವಳನ್ನು ಮಾರುಕಟ್ಟೆಯಲ್ಲಿ ಎಲ್ಲರೂ ಕರೆಯುವುದು ತೂಕದಕ್ಕ ಎಂದು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಿಗೂ ಅವಳು ಅಕ್ಕನೇ. ಕಸುಬು ಕಲಿಸಿದವನು ಸೋದರಮಾವ. ಅವನು ತೀರಿಕೊಂಡ ಮೇಲೆ ಅವನ ಕಾರ್ಖಾನೆ, ಅಂದರೆ ರಸ್ತೆಗೆ ತೆರೆದ ಒಂದು ಕೋಣೆ, ಒಂದು ಉದ್ದನೆಯ ಬೆಂಚು, ಗೋಡೆ ತುಂಬ ಸ್ಪ್ರಿಂಗು ಕೊಕ್ಕೆಗಳು, ಅವಳಿಗೆ ಬಂತು. ಮನೆ ಅದರ ಮೇಲೆಯೇ. ಮಾವ ಕಲಿಸಿದ ಒಂದು ನೇಮವನ್ನು ಅವಳು ಒಂದು ದಿನವೂ ಮೀರಿದವಳಲ್ಲ: ಯಾವ ತಕ್ಕಡಿಯ ಮೇಲೂ ಮೊದಲು ಗೊತ್ತಿರುವ ತೂಕವನ್ನು ಇಡಬೇಕು. ಅದನ್ನು ಸರಿಯಾಗಿ ತೋರಿಸಿದರೆ ಮಾತ್ರ ಗೊತ್ತಿಲ್ಲದ್ದನ್ನು ಇಡಬೇಕು. ಅಡುಗೆಮನೆಯಲ್ಲೂ ಅಷ್ಟೇ. ಹೊಸ ಗಡಿಯಾರ ಬಂದರೆ ಹಳೆಯದರ ಪಕ್ಕ ಒಂದು ವಾರ ನೇತಾಡಬೇಕು. ಜ್ವರ ನೋಡುವ ಕಡ್ಡಿ ಬಂದರೆ ಮೊದಲು ಮನೆಯ ಆರೋಗ್ಯವಂತರೆಲ್ಲ ಸಾಲಾಗಿ ಬಾಯಿ ತೆರೆಯಬೇಕು.

"ನನ್ನ ಮಗನನ್ನ ಕಟ್ಟಿಕೊಳ್ಳೋಕೆ ಮುಂಚೆ ಯಾರನ್ನ ಇಟ್ಟು ನೋಡಿದ್ಳೋ" ಎಂದು ಅತ್ತೆ ಕೇಳುವಳು. ಆಕೆ ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದವಳು. ಹಾಸಿಗೆಯ ಬಟ್ಟೆ ನೋಡಿ ರೋಗ ಹೇಳಬಲ್ಲೆ ಎಂಬ ಧೈರ್ಯ ಆಕೆಗೆ ನಿವೃತ್ತಿಯ ಮೇಲೂ ಉಳಿದಿತ್ತು.

ತೂಕದಕ್ಕ ಬಸುರಿಯಾದದ್ದು ಮೂವತ್ತೈದರಲ್ಲಿ. ಭಾರದ ಬಟ್ಟು ಎತ್ತುವುದನ್ನು ಬಿಟ್ಟಳು. ಅಂಗಡಿಯವರೇ ತಕ್ಕಡಿ ತಂದು ಬೆಂಚಿನ ಮೇಲಿಟ್ಟು ಹೋಗುವ ಏರ್ಪಾಟು ಮಾಡಿಕೊಂಡಳು. ಐದನೆಯ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಅವಳು ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದಳು. ಗುಮಾಸ್ತ ಕುರ್ಚಿಯಲ್ಲಿ ಕುಳಿತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ಅವಳ ಗೊರಕೆ ಸಣ್ಣಗೆ, ಒಂದೇ ಲಯದಲ್ಲಿ ಬರುತ್ತಿತ್ತು. ಇದ್ದಕ್ಕಿದ್ದಂತೆ ನಿಂತಿತು. ಅವನು ಸೂಜಿ ಹಿಡಿದ ಕೈ ಹಾಗೇ ನಿಲ್ಲಿಸಿದ. ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸಿದ. ಹದಿಮೂರಕ್ಕೆ ಅವಳು ನೀರಿನಿಂದ ಮೇಲೆದ್ದವಳ ಹಾಗೆ ಒಮ್ಮೆ ಗಕ್ಕನೆ ಉಸಿರೆಳೆದುಕೊಂಡಳು. ಎಚ್ಚರವಾಗಲಿಲ್ಲ. ಗೊರಕೆ ಮತ್ತೆ ಮೊದಲಿನಂತೆ ಶುರುವಾಯಿತು. ಆ ಮಧ್ಯಾಹ್ನ ಗುಂಡಿ ಹೊಲಿಯುವುದು ಮುಗಿಯಲಿಲ್ಲ.

"ಬಸುರಿ ಗೊರಕೆ ಹೊಡೀದೆ ಮತ್ತೇನು ಸಂಗೀತ ಹಾಡ್ತಾಳಾ?" ಎಂದಳು ತಾಯಿ, ಅವನು ಹೇಳಿದಾಗ. "ನಿನ್ನಪ್ಪ ಗೊರಕೆ ಹೊಡೆದ್ರೆ ಬೀದಿ ನಾಯಿ ಎದ್ದು ಬೇರೆ ಬೀದಿಗೆ ಹೋಗ್ತಿತ್ತು."

"ಗೊರಕೆ ಅಲ್ಲಮ್ಮ. ನಡುವೆ ನಿಲ್ಲುತ್ತೆ."

"ಅವಳ ಕೆಲಸ ನೋಡಿದ್ರೆ ನಿಂತು ಯೋಚನೆ ಮಾಡಿ ಮುಂದಿನ ಉಸಿರು ಎಳ್ಕೊಳ್ಳೋ ಜಾತಿನೇ."

ಆದರೆ ಅವನಿಗೆ ನಗು ಬರಲಿಲ್ಲ. ತೂಕದಕ್ಕನ ಅಕ್ಕನಿಗೆ ಚೊಚ್ಚಲ ಬಸುರಿನಲ್ಲಿ ರಕ್ತದೊತ್ತಡ ಏರಿ ಮಗು ಏಳನೇ ತಿಂಗಳಿಗೇ ಹುಟ್ಟಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಐದು ವಾರ ಇದ್ದ ಆ ಮಗುವನ್ನು ನೋಡಲು ಹೋದಾಗ ಅವನು ಹೊರಗಿನ ಬೆಂಚಿನಲ್ಲಿ ಕುಳಿತವನು ಒಳಗೆ ಕಾಲಿಟ್ಟಿರಲಿಲ್ಲ. ಈಗ ತಿಂಗಳ ತಪಾಸಣೆಯಲ್ಲಿ ನರ್ಸು ತೂಕದಕ್ಕನ ಒತ್ತಡವೂ ಸ್ವಲ್ಪ ಮೇಲಕ್ಕೆ ಜರುಗಿದೆ ಎಂದಿದ್ದರು. ಅವನು ಎಣಿಸಿದ ಹದಿಮೂರನ್ನು ಆ ನರ್ಸಿಗೆ ಹೇಳಿದ. ಅವರು ನಿದ್ದೆಯ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು.

ಅಲ್ಲಿ ಕೊಟ್ಟಿದ್ದು ಅಂಗೈಯಗಲದ ಒಂದು ಡಬ್ಬಿ. ಎದೆಗೆ ಪಟ್ಟಿ, ಬೆರಳಿಗೆ ಕ್ಲಿಪ್ಪು, ಮೂಗಿನ ಕೆಳಗೆ ಸಣ್ಣ ನಳಿಕೆ. ಮನೆಯಲ್ಲೇ ಎರಡು ರಾತ್ರಿ ಕಟ್ಟಿಕೊಂಡು ಮಲಗಿ ತಂದುಕೊಡಿ ಎಂದ ಅಲ್ಲಿನ ಸಿಬ್ಬಂದಿ. "ಎರಡು ರಾತ್ರಿ ಯಾಕೆ?" ಎಂದು ಅವಳು ಕೇಳಿದಳು. "ಮೊದಲನೇ ರಾತ್ರಿ ಒಂಥರಾ ಹೊಂದಿಕೊಳ್ಳೋಕೆ" ಎಂದು ಆ ಸಿಬ್ಬಂದಿ ಅವಸರದಲ್ಲಿ ಹೇಳಿದ. ಹೊಂದಿಕೊಳ್ಳಬೇಕಾದದ್ದು ರೋಗಿ ಎಂಬುದು ಅವನ ಅರ್ಥ. ತೂಕದಕ್ಕನ ಕಸುಬಿನಲ್ಲಿ ಹೊಂದಿಸುವುದು ಯಂತ್ರವನ್ನು. ಅದೂ ಗೊತ್ತಿರುವ ತೂಕದಿಂದ.

ಡಾಕ್ಟರ ಕೋಣೆಗೆ ಫಲಿತಾಂಶ ಕೇಳಲು ಹೋದಾಗ ಗುಮಾಸ್ತ ಎರಡೂ ಕೈ ಮಂಡಿಯ ಮೇಲಿಟ್ಟು ಕುಳಿತಿದ್ದ. ಡಾಕ್ಟರಮ್ಮ ತೆರೆಯನ್ನು ಇವರ ಕಡೆಗೆ ತಿರುಗಿಸಿದರು.

"ಇದಕ್ಕೆ ಸ್ಲೀಪ್ ಆಪ್ನಿಯಾ ಅಂತೀವಿ. ನಿದ್ದೇಲಿ ಗಂಟಲ ದಾರಿ ಮುಚ್ಚಿ ಉಸಿರು ತಡೆಯುತ್ತೆ. ಗಂಟೆಗೆ ಐದರೊಳಗೆ ಆದ್ರೆ ತಲೆ ಕೆಡಿಸ್ಕೊಳ್ಳಲ್ಲ. ಐದರಿಂದ ಹದಿನೈದು ಅಂದ್ರೆ ಸೌಮ್ಯ. ನಿಮ್ಮದು ಎರಡು ರಾತ್ರಿ ಸರಾಸರಿ ಹದಿನಾಲ್ಕು. ಗಡಿ ಮೇಲೆ ನಿಂತಿದೀರಿ. ಒತ್ತಡ ಬೇರೆ ಏರ್ತಿದೆ. ರಾತ್ರಿ ಮಾಸ್ಕ್ ಹಾಕ್ಕೊಂಡು ಮಲಗಿ. ಅದು ಗಾಳಿ ಒತ್ತಿ ದಾರಿ ತೆರೆದಿಡುತ್ತೆ. ಮಗುವಿಗೆ ಅದರಿಂದ ತೊಂದರೆ ಇಲ್ಲ. ನನ್ನನ್ನ ಕೇಳಿದ್ರೆ ಇವತ್ತೇ ಶುರು ಮಾಡಿ."

ಗುಮಾಸ್ತನ ಎದೆಯ ಮೇಲಿನ ಕಲ್ಲು ಇಳಿಯಿತು. ಇವತ್ತೇ ಎಂದರೆ ಇವತ್ತೇ. ಯೋಚಿಸುವ ಗೊಡವೆಯೇ ಇಲ್ಲ. ಅವನು ಆಗಲೇ ಮಾಸ್ಕನ್ನು ಮಂಚದ ಯಾವ ಬದಿಗೆ ಇಡುವುದು ಎಂದು ಲೆಕ್ಕ ಹಾಕುತ್ತಿದ್ದ.

"ಮೊದಲನೇ ರಾತ್ರಿ ತುಂಬಾ ಕೆಟ್ಟದಾಗಿದೆ" ಎಂದು ಡಾಕ್ಟರಮ್ಮ ಮುಂದುವರಿಸಿದರು. "ಪೂರ್ತಿ ಅಂಗಾತ ಮಲಗಿದೀರಿ. ಅದನ್ನೊಂದು ಬಿಡಬೇಕು."

ತೂಕದಕ್ಕ ತೆರೆಯ ಹತ್ತಿರ ಬಗ್ಗಿದಳು. ಅವಳು ಹೊಟ್ಟೆ ಕಂಡಾಗಿನಿಂದ ಎಡಮಗ್ಗುಲು ಬಿಟ್ಟು ಮಲಗಿದವಳಲ್ಲ. ಗುಮಾಸ್ತನಿಗೂ ಗೊತ್ತಿತ್ತು. ಅವನಿಗೆ ಇನ್ನೊಂದೂ ಗೊತ್ತಿತ್ತು. ಮೊದಲ ರಾತ್ರಿ ಆ ಪಟ್ಟಿ ಬಿಗಿದದ್ದು ಅವನ ಎದೆಗೆ. ಯಾವ ಕಾಯಿಲೆಯೂ ಇಲ್ಲದ, ಬಿದ್ದರೆ ಕೊರಡಿನಂತೆ ಮಲಗುವ ಗಂಡನೇ ಮನೆಯ ಗೊತ್ತಿರುವ ತೂಕ ಎಂದು ಅವಳೇ ತೀರ್ಮಾನಿಸಿ ಕಟ್ಟಿದ್ದಳು. ಎರಡು ರಾತ್ರಿಗಳ ಲೆಕ್ಕ ಬೇರೆ ಬೇರೆ ಪುಟದಲ್ಲಿ ಇರುತ್ತದೆಂದು ಇಬ್ಬರೂ ನಂಬಿದ್ದರು.

ಅವಳು ಸುಮ್ಮನಿದ್ದುಬಿಡಲಿ ಎಂದು ಅವನಿಗೆ ಅನಿಸಿತು. ಅಪ್ಪಣೆ ಆಗಿದೆ, ಮಾಸ್ಕು ಬರುತ್ತದೆ, ಅದರಿಂದ ಮಗುವಿಗೆ ತೊಂದರೆ ಇಲ್ಲ. ಇನ್ನೇನು ಬೇಕು. ಮೇಜಿನ ಕೆಳಗೆ ಅವಳ ಅಂಗಿಯ ಚುಂಗು ಹಿಡಿದು ಮೆಲ್ಲಗೆ ಎಳೆದ.

ಅವಳು ಅವನ ಕೈಯನ್ನು ಬಿಡಿಸಿ ತನ್ನ ಕೈಯಲ್ಲಿ ಹಿಡಿದುಕೊಂಡಳು. "ಡಾಕ್ಟ್ರೇ, ಮೊದಲನೇ ರಾತ್ರಿ ನಾನಲ್ಲ, ಇವರು. ಯಂತ್ರ ಸರಿ ಇದ್ಯಾ ಅಂತ ನೋಡೋಕೆ ಇವರನ್ನ ಇಟ್ಟಿದ್ದೆ."

ಡಾಕ್ಟರಮ್ಮ ಕನ್ನಡಕ ತೆಗೆದು ಒಮ್ಮೆ ಅವಳನ್ನು, ಒಮ್ಮೆ ಅವನನ್ನು ನೋಡಿದರು. ನಗಬಾರದೆಂದು ಪ್ರಯತ್ನಪಟ್ಟು ಸೋತರು. ಆಮೇಲೆ ಎರಡು ರಾತ್ರಿಗಳನ್ನು ಬೇರೆ ಮಾಡಿದರು. ಗುಮಾಸ್ತನದು ಇಪ್ಪತ್ತೊಂದು. ಅವಳದು ಏಳು.

"ನಿಮ್ಮ ಗೊತ್ತಿರೋ ತೂಕದಲ್ಲೇ ಲೋಪ ಇದೆಯಮ್ಮ. ಇವರು ಬೇರೆ ಚೀಟಿ ಮಾಡಿಸಿ ನನ್ನ ಹತ್ರ ಬರಲಿ." ನಗು ನಿಂತಿತು. "ನಿಮ್ಮ ವಿಷಯ ಈಗ ಕಷ್ಟ ಆಯ್ತು. ಹದಿನಾಲ್ಕಾಗಿದ್ರೆ ಹಾಕ್ಕೊಳ್ಳಿ ಅಂತಿದ್ದೆ. ಏಳಕ್ಕೆ ಹಾಗೆ ಹೇಳೋ ಧೈರ್ಯ ನನಗಿಲ್ಲ. ಇಷ್ಟು ಸೌಮ್ಯವಾಗಿರೋ ಬಸುರಿಯರಿಗೆ ಮಾಸ್ಕಿಂದ ಒತ್ತಡ ತಡೀಬಹುದು ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ತಡೆಯಲ್ಲ ಅನ್ನೋದಕ್ಕೂ ಇಲ್ಲ. ಕೆಲವರಿಗೆ ಹಗಲಿನ ತೂಕಡಿಕೆ ಹೋಗುತ್ತೆ, ಹಿತವಾಗುತ್ತೆ. ಕೆಲವರು ಅದನ್ನ ಕಟ್ಟಿಕೊಂಡು ಇರೋ ನಿದ್ದೆನೂ ಕಳ್ಕೊತಾರೆ. ಮಗ್ಗುಲಿಗೆ ಮಲಗೋದು, ಒತ್ತಡ ವಾರ ವಾರ ನೋಡೋದು ಎರಡೂ ಬೇಕೇ ಬೇಕು. ಮಾಸ್ಕು ನಿಮ್ಮ ಆಯ್ಕೆ. ಒಂದು ವಾರ ಯೋಚನೆ ಮಾಡಿ."

ಹೊರಗೆ ಮೆಟ್ಟಿಲಿಳಿಯುತ್ತಾ ಗುಮಾಸ್ತ ಮುಖ ಊದಿಸಿಕೊಂಡಿದ್ದ. "ಸರಿಯಾಗಿ ಹೇಳಿದ್ರು. ನೀನು ಬಾಯಿ ಬಿಟ್ಟ ಮೇಲೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ್ರು."

"ಸುಳ್ಳು ತೂಕದ ಮೇಲೆ ಔಷಧ ಕಟ್ಟಿಸ್ಕೊಳ್ಳಲಾ?"

"ಔಷಧ ಒಳ್ಳೇದೇ ಆದ್ರೆ?"

"ಒಳ್ಳೇದೋ ಕೆಟ್ಟದೋ, ಅದನ್ನೇ ಅಲ್ವಾ ನೋಡಬೇಕಾಗಿರೋದು."

ಆ ವಾರ ಮನೆಯಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಗುಮಾಸ್ತನಿಗೆ ಮಾಸ್ಕು ಬೇಕೇ ಬೇಕು. ಒಳಗೆ ಹೋಗಿ ನೋಡದ ಆ ಗಾಜಿನ ಪೆಟ್ಟಿಗೆ ಅವನ ಕಣ್ಣ ಮುಂದೆಯೇ ಇತ್ತು. ಅವಳಿಗೆ ಬೇಡ. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಒಂದು ಗಂಟೆ ಹಾಕಿಕೊಂಡು ನೋಡಿ ಬಂದಿದ್ದಳು. ಓಡುವ ಬಸ್ಸಿನ ಕಿಟಕಿಗೆ ಮುಖ ಕೊಟ್ಟ ಹಾಗಿದೆ, ಹೀಗೆ ನಾಲ್ಕು ತಿಂಗಳು ಮಲಗಿದರೆ ನಿದ್ದೆಗೆಟ್ಟೇ ಒತ್ತಡ ಏರುತ್ತದೆ ಎಂದಳು.

ಅತ್ತೆ ಎರಡೂ ಕಡೆಗೆ ಸೇರಲಿಲ್ಲ. ಗೋಡೆಯಾಚೆಯ ತನ್ನ ಕೋಣೆಯಿಂದ ಇಷ್ಟು ವರ್ಷ ಕೇಳಿದ ದೊಡ್ಡ ಗೊರಕೆ ಮಗನದೆಂದು ಆಕೆಗೆ ಈಗಷ್ಟೇ ತಿಳಿದಿತ್ತು. "ನಾನು ಪಾಪ ಇವಳದು ಅಂದ್ಕೊಂಡು ಮೂರು ವರ್ಷದಿಂದ ಮನಸ್ಸಲ್ಲೇ ಬೈಕೊಂಡಿದೀನಿ. ಗೊರಕೆ ಮೇಲೆ ಹೆಸರು ಬರೆದಿರುತ್ತಾ?" ಎಂದು ಸೊಸೆಯ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಅದು ಕ್ಷಮಾಪಣೆ.

ಮಾರುಕಟ್ಟೆಯವರಿಗೂ ಸುದ್ದಿ ಹೋಯಿತು. ಹಣ್ಣಿನಂಗಡಿಯವಳು ಒದ್ದೆ ಬಟ್ಟೆ ಕುತ್ತಿಗೆಗೆ ಸುತ್ತಿಕೋ ಎಂದಳು. ಸೌದೆ ಡಿಪೋದ ಯಜಮಾನ, "ತೂಕದಕ್ಕ, ಏಳು ಅಂದ್ರೆ ಏನು ಮಹಾ? ನನ್ನ ತಕ್ಕಡಿ ನೂರು ಗ್ರಾಂ ತಪ್ಪಿದ್ರೂ ನೀನು ಸರಿ ಅಂತ ಮುದ್ರೆ ಒತ್ತಿಲ್ವಾ?" ಎಂದ.

"ಸೌದೆಗೆ ನೂರು ಗ್ರಾಂ ಮಾಫಿ ಇದೆ" ಎಂದಳು ಅವಳು. "ಚಿನ್ನದಂಗಡಿ ತಕ್ಕಡಿಗೆ ಸಾಸಿವೆ ಕಾಳಿನಷ್ಟೂ ಇಲ್ಲ."

"ಹಾಗಾದ್ರೆ ಬಸುರಿ ಸೌದೆಯೋ ಚಿನ್ನವೋ?"

ಅವನು ಹೋದ ಮೇಲೂ ಅವಳು ಚಿಮಟವನ್ನು ಕೈಯಲ್ಲಿ ತಿರುಗಿಸುತ್ತಾ ಕುಳಿತಿದ್ದಳು. ಸಂಜೆ ಗುಮಾಸ್ತ ಬಂದಾಗ ಕೆಂಪು ಚೀಟಿಗಳ ಕಟ್ಟು ತೆಗೆದು ಅವನ ಮುಂದಿಟ್ಟಳು. ತಕ್ಕಡಿ ಫೇಲಾದಾಗ ಅಂಟಿಸುವ ಚೀಟಿ ಅದು. ಪರೀಕ್ಷೆಗೆ ಮೊದಲೇ ಅದರ ತಲೆಯಲ್ಲಿ ಎಷ್ಟು ತಪ್ಪಿಗೆ ಮಾಫಿ ಎಂದು ಬರೆದಿರಬೇಕು.

"ತೂಗೋಕೆ ಮುಂಚೆ ಬರೀಬೇಕು ರೀ. ತೂಗಿದ ಮೇಲೆ ಬರೆದ್ರೆ ಕೈ ಆಸೆ ಕಡೆಗೆ ವಾಲುತ್ತೆ. ನಿಮಗೆ ಮಾಸ್ಕಿನ ಆಸೆ, ನನಗೆ ಬೇಡದ ಆಸೆ. ಇಬ್ಬರದೂ ನಂಬೋ ಹಾಗಿಲ್ಲ."

ಇಬ್ಬರೂ ಕುಳಿತು ಬರೆದರು. ಮೇಲಿನ ಒತ್ತಡ ಎರಡು ಸಲ ನೂರ ಮೂವತ್ತೈದು ದಾಟಿದರೆ ಮಾಸ್ಕು. ಎರಡು ವಾರದೊಳಗೆ ಮೂರು ಸಲ ಕೆಲಸದ ಬೆಂಚಿನಲ್ಲಿ ನಿದ್ದೆ ಹೋದರೆ ಮಾಸ್ಕು. ಎರಡೂ ಆಗದಿದ್ದರೆ ಮಗ್ಗುಲಿಗೆ ಮಲಗುವುದಷ್ಟೇ. ಆಮೇಲೆ ಗುಮಾಸ್ತ ಆ ಮಾತೆತ್ತಬಾರದು. ವಾರ ಕಳೆದು ತೋರಿಸಿದಾಗ ಡಾಕ್ಟರಮ್ಮ ಚೀಟಿಯನ್ನು ಎರಡು ಸಲ ಓದಿ, ಕೆಳಗೆ ತಮ್ಮ ಕೈಯಲ್ಲೇ ಒಂದು ಸಾಲು ಸೇರಿಸಿದರು: ಜೋರು ತಲೆನೋವು, ಕಣ್ಣು ಮಂಜು, ಮುಖ ಕೈ ಊತ ಬಂದರೆ ಚೀಟಿ ನೋಡದೆ ನೇರ ಆಸ್ಪತ್ರೆಗೆ. "ಇದಕ್ಕೆ ಮಾಫಿ ಇಲ್ಲ" ಎಂದರು.

ಚೀಟಿ ಬೆಂಚಿನ ಮೇಲಿನ ಮೊಳೆಗೆ ನೇತಾಡಿತು, ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಪೆನ್ಸಿಲು. ಬರೆಯುವ ಕೆಲಸ ಮುಖ್ಯವಾಗಿ ಗುಮಾಸ್ತನದು. ಊಟದ ಬಿಡುವಿನಲ್ಲೂ ಸಂಜೆಯೂ ಅವನು ಬಂದು ನೋಡುವನು. ಮೊದಲ ವಾರ ಒತ್ತಡ ನೂರ ಇಪ್ಪತ್ತೆಂಟು. ಆ ಶುಕ್ರವಾರ ಅವಳು ಸ್ಕ್ರೂ ಡ್ರೈವರು ಹಿಡಿದೇ ನಿದ್ದೆ ಹೋಗಿದ್ದಳು. ಅವನು ಎಬ್ಬಿಸಿ, ಒಂದು ಗೆರೆ ಎಳೆದ. ಸೋಮವಾರ ಅತ್ತೆ ಚಹಾ ತಂದವಳು ಕಂಡು ಕೂಗಿದಳು; ಎರಡನೆಯ ಗೆರೆ.

ಬುಧವಾರ ಮಧ್ಯಾಹ್ನ ಅವನು ಬಂದಾಗ ಬೀದಿ ಖಾಲಿಯಿತ್ತು. ಅವಳು ಬೆಂಚಿಗೆ ಮೊಣಕೈ ಊರಿ, ಗಲ್ಲಕ್ಕೆ ಕೈ ಕೊಟ್ಟು, ಕಣ್ಣು ಮುಚ್ಚಿದ್ದಳು. ಮುಂದೆ ಒಂದು ನೇತುಹಾಕುವ ತಕ್ಕಡಿ. ಗುಮಾಸ್ತ ಬಾಗಿಲಲ್ಲೇ ನಿಂತ. ಪೆನ್ಸಿಲು ಒಂದು ಮೊಳ ದೂರದಲ್ಲಿತ್ತು. ಒಂದು ಗೆರೆ ಎಳೆದರೆ ಮುಗಿಯಿತು. ಸುಳ್ಳೂ ಅಲ್ಲ, ಕಣ್ಣು ಮುಚ್ಚಿರುವುದು ನಿಜವೇ. ಅವನು ಪೆನ್ಸಿಲು ಎತ್ತಿಕೊಂಡ. ತುದಿಯನ್ನು ಕಾಗದಕ್ಕೆ ತಾಗಿಸಿದ. ಮುಚ್ಚಿದ ಆ ಕಣ್ಣುಗಳ ಕೆಳಗಿನ ಕಪ್ಪನ್ನು, ಅಂಗಿಯ ಕೊನೆಯ ಗುಂಡಿ ಹೊಟ್ಟೆಗೆ ಸಾಲದೆ ತೆರೆದುಕೊಂಡದ್ದನ್ನು ನೋಡಿದ. ಅವಳಿಗೋಸ್ಕರ ತಾನೇ ಎಂದುಕೊಂಡ. ಆದರೂ ಗೆರೆ ಎಳೆಯುವ ಮೊದಲು ಒಮ್ಮೆ, ತೀರ ಮೆಲ್ಲಗೆ, ಕೇಳಿದ:

"ಮಲಗಿದೀಯಾ?"

"ಇಲ್ಲ ರೀ. ಇದರ ಸ್ಪ್ರಿಂಗ್ ಎಲ್ಲೋ ಉಜ್ಜುತ್ತೆ, ಕಿವಿಗೊಟ್ಟು ಕೇಳ್ತಿದ್ದೆ. ಕಣ್ಣು ಬಿಟ್ರೆ ಕೇಳಿಸಲ್ಲ." ಅವಳು ಕಣ್ಣು ತೆರೆದಳು. ಅವನ ಕೈಯ ಪೆನ್ಸಿಲನ್ನು ನೋಡಿದಳು. ಅವನು ಅದನ್ನು ಇಳಿಬಿಟ್ಟ. ಚೀಟಿಯ ಮೇಲೆ ಒಂದು ಚುಕ್ಕೆ ಮಾತ್ರ ಉಳಿದಿತ್ತು. ಅವನಿಗೆ ಊಟ ಬಡಿಸುವಾಗ ಅವಳು, "ನೀವು ಒಳ್ಳೇ ಪರೀಕ್ಷಕರಾಗ್ತಿದ್ರಿ" ಎಂದಳು.

ಚೀಟಿಯ ಅವಧಿ ಮುಗಿಯುವುದು ಶನಿವಾರ. ಶುಕ್ರವಾರ ಕಚೇರಿಯಲ್ಲಿ ಅವನು ಎರಡು ಪಾರ್ಸಲ್‌ಗಳಿಗೆ ವಿಳಾಸ ಅದಲುಬದಲು ಮಾಡಿ ಮೇಲಧಿಕಾರಿಯಿಂದ ಬೈಸಿಕೊಂಡ. ಸೋತೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದ. ಒಪ್ಪಂದ ಒಪ್ಪಂದವೇ, ಇನ್ನು ಮಾಸ್ಕಿನ ಮಾತೆತ್ತುವ ಹಾಗಿಲ್ಲ. ಕಾರ್ಖಾನೆಯ ಬಾಗಿಲು ಮುಚ್ಚಿತ್ತು. ಮೇಲೆ ಹೋದರೆ ಅವಳು ಮೇಜಿನ ಮುಂದೆ ಕುಳಿತಿದ್ದಳು, ಎದುರಿಗೆ ಕೆಂಪು ಚೀಟಿ. ಅದರಲ್ಲಿ ಮೂರನೆಯ ಗೆರೆ ಇತ್ತು. ಅವಳ ಕೈಯದು, ನೇರ, ಗಟ್ಟಿ.

"ಇದು ಯಾವಾಗ?"

"ಮೂರೂವರೆಗೆ. ತರಕಾರಿ ಅಂಗಡಿಯವರ ತಕ್ಕಡಿ ಮೇಲೆ ಹಣೆ ಇಟ್ಟು ಮಲಗಿಬಿಟ್ಟಿದ್ದೆ. ಎಚ್ಚರ ಆದಾಗ ಎದುರಿಗಿದ್ದ ಕನ್ನಡೀಲಿ ಮುಳ್ಳು ನಾಲ್ಕು ಕಿಲೋ ಇನ್ನೂರು ತೋರಿಸ್ತಿತ್ತು."

"ಅಷ್ಟೇನಾ ನಿನ್ನ ತಲೆ ತೂಕ?" ಎಂದಳು ಅತ್ತೆ ಅಡುಗೆಮನೆಯಿಂದ. "ನನಗೆ ಇನ್ನೂ ಜಾಸ್ತಿ ಅನ್ಸಿತ್ತು."

"ಯಾರು ನೋಡಿದ್ರು?" ಎಂದ ಗುಮಾಸ್ತ.

"ಯಾರೂ ಇಲ್ಲ."

ಅವನು ಅವಳೆದುರು ಕುಳಿತ. ಚೀಟಿಯನ್ನು ಹರಿದು ಹಾಕಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳಿಗೆ ಆ ಮಾಸ್ಕು ಎಷ್ಟು ಅಸಹ್ಯ ಎಂದು ಅವನಿಗೆ ಗೊತ್ತಿತ್ತು; ಬಯಸಿದ್ದು ಸಿಕ್ಕಿತ್ತು, ಆದರೆ ಗೆದ್ದ ಹಾಗೆನಿಸಲಿಲ್ಲ. "ಬೇಡ ಅನ್ಸಿದ್ರೆ..." ಎಂದು ಶುರು ಮಾಡಿದ.

"ಬೇಡ ಅಂತಲೇ ಅನ್ಸುತ್ತೆ" ಎಂದಳು. ಮೂಗು ಒರೆಸಿಕೊಂಡಳು. "ನಾಳೆ ಹೋಗಿ ತರೋಣ. ಆದ್ರೆ ಮೊದಲ ಹದಿನೈದು ದಿನ ನನ್ನ ಬೈಗುಳ ಕೇಳಬೇಕು ನೀವು."

ಹದಿನೈದಲ್ಲ, ಇಪ್ಪತ್ತು ದಿನ ಕೇಳಿದ. ಮಾಸ್ಕಿನ ಉದ್ದನೆಯ ಕೊಳವೆ ನೋಡಿ ಅತ್ತೆ ಮನೆಗೆ ಆನೆ ಬಂತು ಎಂದಳು. ಪಟ್ಟಿ ಕೆನ್ನೆ ಒತ್ತಿತು. ಬೇರೆ ಅಳತೆಯದನ್ನು ತಂದರು. ಅದರಿಂದ ಗಾಳಿ ಕಣ್ಣಿಗೆ ಬಡಿಯಿತು. ಮತ್ತೆ ಮೊದಲಿನದಕ್ಕೆ ಮೆತ್ತನೆಯ ಬಟ್ಟೆ ಹೊಲಿದುಕೊಟ್ಟವನು ಗುಮಾಸ್ತನೇ. ನಾಲ್ಕನೆಯ ವಾರ ಒಂದು ಬೆಳಿಗ್ಗೆ ಅವಳು ಎದ್ದು ಕಿಟಕಿ ತೆರೆದು, "ಇವತ್ತು ಬೆಳಕು ಜಾಸ್ತಿ ಇದ್ಯಾ?" ಎಂದು ಕೇಳಿದಳು. ಬೆಳಕು ಎಂದಿನಷ್ಟೇ ಇತ್ತು. ಆಮೇಲೆ ಬೆಂಚಿನಲ್ಲಿ ತೂಕಡಿಸಲಿಲ್ಲ. ಅಷ್ಟರಲ್ಲಿ ಗುಮಾಸ್ತನೂ ಬೇರೆ ಚೀಟಿ ಮಾಡಿಸಿ ತನ್ನ ಇಪ್ಪತ್ತೊಂದಕ್ಕೆ ಇನ್ನೊಂದು ಮಾಸ್ಕು ತಂದ. ಆನೆಗಳು ಎರಡಾದವು.

ಒತ್ತಡ ನೂರ ಮೂವತ್ತೆರಡರವರೆಗೆ ಹೋಗಿ ಅಲ್ಲೇ ನಿಂತಿತು. ಮಗು ದಿನ ತುಂಬಿದ ಮೇಲೆಯೇ ಹುಟ್ಟಿತು, ಹೆಣ್ಣು. ನರ್ಸು ತಕ್ಕಡಿಯ ಮೇಲಿಟ್ಟು ಎರಡು ಕಿಲೋ ಒಂಬೈನೂರು ಎಂದರು. ತೂಕದಕ್ಕ ಮಲಗಿದ್ದಲ್ಲಿಂದಲೇ ಕುತ್ತಿಗೆ ಎತ್ತಿ ಅದರ ಮುದ್ರೆಯ ತಾರೀಕು ಓದಿ, "ಅವಧಿ ಮುಗಿದು ಎರಡು ತಿಂಗಳಾಗಿದೆ. ಸುಮಾರು ಎರಡು ಒಂಬೈನೂರು ಅಂತ ಬರೀರಿ" ಎಂದಳು.

ಮಾಸ್ಕಿನಿಂದಲೇ ಎಲ್ಲ ಸರಿಹೋಯಿತು ಎಂದು ಗುಮಾಸ್ತ ಕಚೇರಿಯಲ್ಲಿ ಎಲ್ಲರಿಗೂ ಹೇಳಿದ. ಅವಳು ಹಾಗೆ ಹೇಳಲು ಬಿಡಲಿಲ್ಲ. "ಹಗಲಿನ ನಿದ್ದೆ ಹೋಗಿದ್ದು ಅದರಿಂದ. ಅದನ್ನ ನಾನು ಹೇಳಬಲ್ಲೆ. ಮಗು, ಒತ್ತಡ, ಅದು ಇಲ್ಲದಿದ್ರೂ ಹೀಗೇ ಇರ್ತಿತ್ತೋ ಏನೋ. ಮಾಸ್ಕಿಲ್ಲದ ಇನ್ನೊಬ್ಬ ನಾನು ಎಲ್ಲಿದ್ದೆ, ಪಕ್ಕದಲ್ಲಿಟ್ಟು ತೂಗೋಕೆ?" ಎಂದಳು. ಹೆರಿಗೆಯಾಗಿ ನಾಲ್ಕು ತಿಂಗಳಿಗೆ ಡಾಕ್ಟರಮ್ಮ ಮತ್ತೆ ಆ ಡಬ್ಬಿ ಕೊಟ್ಟರು. ಎರಡೂ ರಾತ್ರಿ ಅವಳೇ ಕಟ್ಟಿಕೊಂಡಳು. ಮೂರು ಬಂತು. ಮಾಸ್ಕನ್ನು ತೊಳೆದು, ಒಣಗಿಸಿ, ವಾಪಸು ಕೊಟ್ಟಳು.

ಮಗಳಿಗೆ ಈಗ ಎರಡು ವರ್ಷ. ತೂಕದಕ್ಕ ವಾರಕ್ಕೆ ನಾಲ್ಕು ದಿನ ಕಾರ್ಖಾನೆಯಲ್ಲಿ ಕುಳಿತು ಮಾರುಕಟ್ಟೆಯ ತಕ್ಕಡಿಗಳನ್ನು ಸರಿಮಾಡುತ್ತಾಳೆ. ಗುರುವಾರ ಕಾರ್ಖಾನೆ ಮುಚ್ಚಿ, ಸುತ್ತಲಿನ ಹೆರಿಗೆ ವಾರ್ಡುಗಳಿಗೆ ಹೋಗಿ ಮಕ್ಕಳ ತಕ್ಕಡಿಗಳನ್ನೂ ರಕ್ತದೊತ್ತಡ ನೋಡುವ ಯಂತ್ರಗಳನ್ನೂ ಪರೀಕ್ಷಿಸಿ ಬರುತ್ತಾಳೆ.